ಚರಗದ ದಿನ ಪರೀಕ್ಷೆ ಇಟ್ಟವರು

ಮೊನ್ನೆ ಕಮಲಾಪುರದ ನಮ್ಮ ತೋಟದ ಶೆಡ್ಡಿನಲ್ಲಿ ಬಾಳೆಗೊನೆ ಕಟ್ಟಲು ಹಗ್ಗ ಸಾಲಲಿಲ್ಲ. ಮೊಳೆಗೆ ತೂಗುಹಾಕಿದ್ದ ಒಂದು ಹಳೆಯ ಚೀಲ ಕೊಡವಿದೆ. ಹಗ್ಗದ ಬದಲು ಟೈ ಬಿತ್ತು. ನೀಲಿ ಪಟ್ಟೆಯ, ಕೊರಳ ಹಿಂದೆ ಇಲಾಸ್ಟಿಕ್ ಇರುವ ಶಾಲೆಯ ಟೈ. ಅದರ ಗಂಟು ಅಂಗಡಿಯಿಂದಲೇ ಹಾಕಿ ಬಂದಿರುತ್ತದೆ. ಮಕ್ಕಳು ಕಟ್ಟುವುದನ್ನು ಕಲಿಯಬೇಕಾಗಿಲ್ಲ, ತಲೆ ತೂರಿಸಿದರೆ ಆಯಿತು. ಆ ಶಾಲೆಯಲ್ಲಿ ಕೊಟ್ಟ ವಿದ್ಯೆಯೆಲ್ಲ ಹೆಚ್ಚುಕಡಿಮೆ ಅಂಥದೇ.

ಇಲಾಸ್ಟಿಕ್ ಸತ್ತುಹೋಗಿತ್ತು, ಬಟ್ಟೆ ಮಾತ್ರ ಗಟ್ಟಿಯಿತ್ತು. ಅದರಲ್ಲೇ ಒಂದು ಗೊನೆ ಬಿಗಿದು ಟೆಂಪೋ ಹತ್ತಿಸಿದೆ. ಟೆಂಪೋ ತಿರುವು ದಾಟಿದ ಮೇಲೆ ಆ ಶಾಲೆಯ ಪ್ರಿನ್ಸಿಪಾಲರು ನೆನಪಿಗೆ ಬಂದರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಅವರು ಬದುಕಿದ್ದಾಗ ಮುಖದ ಮೇಲೇ ಆಡಿದ್ದೇನೆ. ಆದ್ದರಿಂದ ನನಗೆ ಆ ನಿಯಮದಲ್ಲಿ ರಿಯಾಯಿತಿ ಉಂಟು.

ನಾನು ಓದಿದ್ದು ಏಳನೆಯ ಇಯತ್ತೆ. ಕಮಲಾಪುರದ ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು, ಬಸ್ಸು ನಿಂತ ಕೂಡಲೇ ಕಿಟಕಿಗೆ ಕೈಚಾಚಿ ವ್ಯಾಪಾರ ಕಲಿತವಳು. ಇವತ್ತು ಹೈದರಾಬಾದಿನವರೆಗೆ ಮಾಲು ಕಳಿಸುತ್ತೇನೆ. ತೋಟ ನೋಡುವುದು ನಮ್ಮ ಮನೆಯವರ ಕೆಲಸ, ದರ ಮಾತಾಡುವುದು ನನ್ನದು. ಇರುವವಳು ಒಬ್ಬಳೇ ಮಗಳು. ಅವಳು ಬುಟ್ಟಿಯ ಹಿಂದೆ ಕೂರಬಾರದು ಎಂದು ಕಲಬುರಗಿಯ ಶಹಾಬಜಾರದಲ್ಲಿ ಒಂದು ಖೋಲಿ ಹಿಡಿದೆ. ಆಗ ಊರಿಗೆಲ್ಲ ಹೆಸರಾಗಿದ್ದ ಖಾಸಗಿ ಶಾಲೆಗೆ ಅವಳನ್ನು ಕರೆದುಕೊಂಡು ಹೋದೆ. ಶಾಲೆ ಅವರದೇ, ಪ್ರಿನ್ಸಿಪಾಲರೂ ಅವರೇ. ಎಳೆಯರ ತರಗತಿಯಿಂದ ಪಿಯುಸಿಯವರೆಗೆ ಎಲ್ಲ ಒಂದೇ ಗೇಟಿನೊಳಗೆ. ಒಮ್ಮೆ ಒಳಗೆ ಬಿಟ್ಟರೆ ಆ ಕಡೆಯಿಂದ ಡಾಕ್ಟರೋ ಇಂಜಿನಿಯರೋ ಆಗಿ ಹೊರಗೆ ಬರುತ್ತಾರೆ ಎಂಬ ಮಾತಿತ್ತು.

ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಆ ಮನುಷ್ಯ ಕೋಟು ಹಾಕಿಕೊಂಡಿದ್ದರು. ನನ್ನನ್ನು ನೋಡಿ ಎದ್ದು ನಿಂತು, "ಬರ್ರಿ ಮೇಡಂ, ಕೂಡ್ರಿ," ಅಂದರು. ನನಗೆ ಹುಟ್ಟಿದಂದಿನಿಂದ ಯಾರೂ ಮೇಡಂ ಅಂದಿರಲಿಲ್ಲ. ಇಲ್ಲೊಂದು ಬುದ್ಧಿಮಾತು ಹೇಳಿಬಿಡುತ್ತೇನೆ. ಮಾರುವವನು ನಿಮ್ಮನ್ನು ಇರುವುದಕ್ಕಿಂತ ದೊಡ್ಡ ಹೆಸರಿನಿಂದ ಕರೆದರೆ ಮಾಲನ್ನು ತಿರುವಿ ನೋಡಿ, ಅಡಿಯಲ್ಲಿ ಕೊಳೆತಿರುತ್ತದೆ. ಬರುವ ಹೋಗುವ ಗಿರಾಕಿಗಳಿಗೆಲ್ಲ "ಸಾವ್ಕಾರ್ರ" ಅನ್ನುವವಳು ನಾನು, ನನಗೆ ಇದು ಹೊಸದಲ್ಲ. ಆದರೂ ಆ "ಮೇಡಂ" ಕಿವಿಗೆ ತಂಪಾಗಿತ್ತು. ಪ್ರವೇಶ ಆದ ವಾರಕ್ಕೇ ಅದು "ಅವ್ವಾರ"ಕ್ಕೆ ಇಳಿಯಿತು ಬಿಡಿ.

ಮಗಳ ಸಂದರ್ಶನ ನಡೆಯಿತು. ನಾಲ್ಕು ವರ್ಷದ ಕೂಸಿಗೆ ಸಂದರ್ಶನ. ಅವರು ಗೋಡೆಯ ಚಿತ್ರಕ್ಕೆ ಕೋಲು ತೋರಿಸಿ ಇದೇನು ಅಂದರು. ಹಳದಿ ಬಾಳೆಹಣ್ಣು. ಮಗಳು ನೋಡಿದಳು, ತಲೆ ಅಲ್ಲಾಡಿಸಿದಳು.

"ಬಾಳಿಹಣ್ಣು ಅಲ್ಲ. ಬಾಳಿಹಣ್ಣು ಕೆಂಪಿರ್ತದ."

ನನಗೆ ನಗು ಬಂತು. ನಮ್ಮ ತೋಟದಲ್ಲಿ ಹುಟ್ಟಿದ ಕೂಸು ಮತ್ತೇನು ಹೇಳೀತು? ಪ್ರಿನ್ಸಿಪಾಲರೂ ನಕ್ಕರು, ಬೇರೆ ರೀತಿಯಲ್ಲಿ. "ಇರ್ಲಿ ಮೇಡಂ, ಇಂಥಾವೆಲ್ಲ ನಾವು ತಿದ್ದತೀವಿ," ಅಂದರು. ತಿದ್ದಿದರು. ಮರು ವರ್ಷ ಮಗಳು ಮನೆಗೆ ತಂದ ಚಿತ್ರದಲ್ಲಿ ಬಾಳೆಹಣ್ಣಿಗೆ ಹಳದಿ ಬಣ್ಣ ಬಳಿದಿತ್ತು, ಮೇಲೆ ಒಂದು ನಕ್ಷತ್ರ ಅಂಟಿತ್ತು. ಎದುರಿಗೆ ತಟ್ಟೆಯಲ್ಲಿ ಕೆಂಪು ಹಣ್ಣು ಇಟ್ಟುಕೊಂಡು ತಿನ್ನುತ್ತಲೇ ಅದನ್ನು ನನಗೆ ತೋರಿಸಿದಳು...

ಹೊರಗಿನವರಿಗೆ ನಮ್ಮ ಕಡೆಯ ಎಳ್ಳ ಅಮಾವಾಸ್ಯೆ ಗೊತ್ತಿರಲಿಕ್ಕಿಲ್ಲ. ಚಳಿಗಾಲದ ಆ ಒಂದು ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ಕಡುಬು, ಕಾಳು ಕಾಯಿಪಲ್ಲೆ ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ಮೊದಲ ತುತ್ತು ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತೇವೆ. ಆಮೇಲೆ ಅಲ್ಲೇ ಪಂಗ್ತಿ ಊಟ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ, ಮೋಮಿನಪುರದ ನಮ್ಮ ಹಣ್ಣಿನ ವ್ಯಾಪಾರದ ದೋಸ್ತರೂ ಮನೆಮಂದಿಯೊಂದಿಗೆ ಬಂದು ಉಣ್ಣುತ್ತಾರೆ. ಅವತ್ತು ಕಲಬುರಗಿಯ ಬಜಾರದಲ್ಲಿ ನಾಯಿ ಕೂಡ ಸಿಗುವುದಿಲ್ಲ. ಕಡಲೆ, ಜೋಳ, ತೊಗರಿ, ಅಗಸೆ ಇವನ್ನೆಲ್ಲ ಮಕ್ಕಳು ಕಲಿಯುವುದೇ ಆ ದಿನ, ಹೊಲದ ಬದುವಿನ ಮೇಲೆ ಓಡಾಡಿ, ಹಸಿ ಕಡಲೆ ಕಿತ್ತು ತಿಂದು. ಅದಕ್ಕಾಗಿ ಯಾರೂ ಪುಸ್ತಕ ಬರೆದಿಲ್ಲ.

ಆ ಮಹಾನುಭಾವರು ಪರೀಕ್ಷೆ ಇಟ್ಟುಕೊಳ್ಳುತ್ತಿದ್ದುದು ಸರಿಯಾಗಿ ಅವತ್ತೇ. ಪ್ರತಿ ವರ್ಷ, ತಪ್ಪದೆ.

ಮೊದಲ ವರ್ಷ ತಿಳಿಯದೆ ಆಗಿದೆ ಅಂದುಕೊಂಡೆ. ಎರಡನೆಯ ವರ್ಷ ಹೋಗಿ ಮಾತಾಡಿದೆ. ಮಾತಾಡುವುದೇ ನನ್ನ ಕಸುಬಲ್ಲವೆ? ಒಂದು ದಿನ ಹಿಂದೆ ಇಡಿ, ಇಲ್ಲವೆ ಒಂದು ದಿನ ಮುಂದೆ ಇಡಿ, ಎರಡೂ ಆಗದಿದ್ದರೆ ಬೆಳಿಗ್ಗೆ ಬೇಗ ಮುಗಿಸಿ ಅಂದೆ. ಕೇಳುವಷ್ಟು ಕೇಳಿ, "ಪೇಪರ್ ಮುಗದ ಮ್ಯಾಲೆ ಕರಕೊಂಡು ಹೋಗ್ರಿ ಅವ್ವಾರ, ನಾ ಬ್ಯಾಡ ಅಂದಿಲ್ಲಲ್ಲ," ಅಂದರು. ಪೇಪರ್ ಮುಗಿಯುತ್ತಿದ್ದುದು ಸಂಜೆಗೆ. ನಾವು ಕಮಲಾಪುರ ಮುಟ್ಟುವಷ್ಟರಲ್ಲಿ ಜನ ಬುಟ್ಟಿ ಖಾಲಿ ಮಾಡಿಕೊಂಡು ಹೊಲದಿಂದ ತಿರುಗಿ ಬರುತ್ತಿದ್ದರು.

ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಗ ನಾನು ಯಾರನ್ನೂ ಕೇಳದೆ ಅವಳನ್ನು ಹೊಲಕ್ಕೆ ಒಯ್ದೆ. ಅವಳು ಕುಣಿದಾಡಿಬಿಟ್ಟಳು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಪ್ರಿನ್ಸಿಪಾಲರು ಮೈಕು ಹಿಡಿದು, ನಿನ್ನೆ ಬರದವರು ಮುಂದೆ ಬನ್ನಿ ಎಂದು ಇಂಗ್ಲಿಷಿನಲ್ಲಿ ಹೇಳಿದರಂತೆ. ಆಮೇಲೆ ಎಲ್ಲರಿಗೂ ತಿಳಿಯಲಿ ಎಂದು, ಆ ಶಾಲೆಯಲ್ಲಿ ನಿಷೇಧವಾಗಿದ್ದ ಕನ್ನಡದಲ್ಲೇ, "ಚರಗದ ಮಂದಿ ಬರ್ರಿ," ಅಂದರಂತೆ. ಐದಾರು ಮಕ್ಕಳು ಹೋಗಿ ನಿಂತರು. ಇಡೀ ಶಾಲೆ ನಕ್ಕಿತು. ಆ ಮೈಕಿನಿಂದ ಅಷ್ಟು ವರ್ಷಗಳಲ್ಲಿ ಬಂದ ಒಂದೇ ಕನ್ನಡ ಮಾತು ಅದು.

ಮುಂದಿನ ವರ್ಷ ನಾನು ಹೊಸ ಲಂಗ ಹೊಲಿಸಿ ಇಟ್ಟಿದ್ದೆ. ಮಗಳು ಅದನ್ನು ಮುಟ್ಟಲಿಲ್ಲ. "ಅವ್ವಾ, ನಾ ಹೊಲಕ್ಕ ಬರಂಗಿಲ್ಲ. ನನಗ ಇನ್ನೂ ಚರಗ ಅಂತ ಕರೀತಾರ."

ಆಮೇಲೆ ಅವಳು ಬರಲೇ ಇಲ್ಲ. ಹೈಸ್ಕೂಲಿಗೆ ಹಾಸ್ಟೆಲ್ ಕಡ್ಡಾಯವಾಯಿತು. ಭಾನುವಾರವೂ ಕ್ಲಾಸು, ದಸರೆಗೂ ಕ್ಲಾಸು. ತಿಂಗಳಿಗೊಮ್ಮೆ ಗೇಟಿನ ಹತ್ತಿರ ನಿಂತು ಹಣ್ಣು ಕೊಟ್ಟು ಬರುತ್ತಿದ್ದೆ. ಆ ಗೇಟಿನಲ್ಲಿ ನಿಂತು ನಾನು ಕಲಿತದ್ದನ್ನು ಈಗಿನ ತಾಯಿ ತಂದೆಯರಿಗೆ ಹೇಳಬೇಕು. ಶಾಲೆ ನೋಡಲು ಹೋದಾಗ ಆಫೀಸಿನ ಸೋಫಾದಲ್ಲಿ ಕೂರಬೇಡಿ. ಶಾಲೆ ಬಿಡುವ ಹೊತ್ತಿಗೆ ಹೊರಗೆ ನಿಲ್ಲಿ. ಮಕ್ಕಳು ಗದ್ದಲ ಮಾಡಿಕೊಂಡು ಬಂದರೆ ಸೇರಿಸಿ. ಸಾಲಾಗಿ, ಬಾಯಿ ಮುಚ್ಚಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದರೆ ಅಲ್ಲಿಂದಲೇ ಆಟೋ ಹತ್ತಿ.

ಮಗಳು ಪಿಯುಸಿಗೆ ಬಂದಾಗ ನಮ್ಮ ತೋಟಕ್ಕೆ ಸೊರಗು ರೋಗ ಬಿತ್ತು. ಎಲೆ ಹಳದಿಯಾಗುತ್ತದೆ, ಜೋತು ಬೀಳುತ್ತದೆ, ಗೊನೆ ಹಾಕುವ ಮೊದಲೇ ಗಿಡ ಸಾಯುತ್ತದೆ. ಔಷಧದ ಅಂಗಡಿಯವರು ಹೇಳಿದ್ದನ್ನೆಲ್ಲ ಹೊಡೆದೆವು, ಒಂದೂ ನಾಟಲಿಲ್ಲ. ಎರಡನೆಯ ವರ್ಷದ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಸಿಕ್ಕ ನಾಲ್ಕು ದಿನದ ರಜೆಗೆ ಬಂದವಳು ಅಪ್ಪನ ಹಿಂದೆ ತೋಟ ಸುತ್ತಿದಳು. ಸಾಯುತ್ತಿದ್ದ ಒಂದು ಗಿಡದ ಬುಡದಲ್ಲಿ ತುಂಬ ಹೊತ್ತು ಕೂತಳು. ರಾತ್ರಿ ಉಣ್ಣುವಾಗ, "ಅವ್ವಾ, ನನಗ ಡಾಕ್ಟರ್ ಆಗೂದು ಬ್ಯಾಡ. ಇದು ಯಾಕ ಸಾಯ್ತದ ಅಂತ ಓದತೀನಿ," ಅಂದಳು. ಅವಳಪ್ಪ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಸಂಭ್ರಮ ನಡೆದಿಲ್ಲ.

ನಾನು ವಿಚಾರಿಸಿದೆ. ಕೃಷಿ ಪದವಿಗೆ ರೈತರ ಮಕ್ಕಳಿಗೆಂದು ಬೇರೆ ಸೀಟುಗಳಿರುತ್ತವೆ. ಅದಕ್ಕೆ ಬರವಣಿಗೆಯ ಪರೀಕ್ಷೆಯ ಜೊತೆಗೆ ಇನ್ನೊಂದು ಪರೀಕ್ಷೆ. ಬೀಜ, ಸಸಿ, ಗೊಬ್ಬರ, ಕಳೆ, ಒಕ್ಕಲುತನದ ಸಾಮಾನು ಸಾಲಾಗಿ ಇಟ್ಟಿರುತ್ತಾರೆ, ನೋಡಿ ಗುರುತಿಸಿ ಬರೆಯಬೇಕು. ಕೇಳಿ ನನಗೆ ಹಗುರವಾಯಿತು. ರೈತರ ಮಗಳಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಯಾವುದಿದೆ? ಆಮೇಲೆ ವರ್ಷ ಎಣಿಸಿದೆ. ನನ್ನ ಮಗಳು ಕೊನೆಯ ಸಲ ಹೊಲದಲ್ಲಿ ಓಡಾಡಿದ್ದು ನಾಲ್ಕನೆಯ ತರಗತಿಯಲ್ಲಿ.

ಮಗಳನ್ನು ಎಂಟು ದಿನ ಮನೆಗೆ ಕಳಿಸಿ ಎಂದು ಕೇಳಲು ಹೋದೆ. ಹೋಗುವಾಗ ಮನೆಯಲ್ಲಿದ್ದ, ನೆರೆಯವರಲ್ಲಿ ಸಿಕ್ಕ ಬೀಜಗಳನ್ನೆಲ್ಲ ಸಣ್ಣ ಸಣ್ಣ ಪುಡಿಕೆ ಕಟ್ಟಿ, ಒಂದು ವಸ್ತ್ರದಲ್ಲಿ ಗಂಟು ಹಾಕಿಕೊಂಡಿದ್ದೆ. ರಜೆ ಕೊಡದಿದ್ದರೆ ಗೇಟಿನಲ್ಲೇ ನಿಂತು ಕಲಿಸುವ ವಿಚಾರವಿತ್ತು. ಪ್ರಿನ್ಸಿಪಾಲರಿಗೆ ಸಿಟ್ಟು ಬಂತು. ಅದು ಮೆಡಿಕಲ್ ಪರೀಕ್ಷೆಯ ತಯಾರಿ ನಡೆದಿದ್ದ ಹೊತ್ತು. ತಮ್ಮ ಶಾಲೆಯಲ್ಲಿ ಎಳೆಯ ತರಗತಿಯಿಂದ ಓದಿದ ಹುಡುಗಿ ಒಕ್ಕಲುತನದ ಕಾಲೇಜಿಗೆ ಹೋಗುವುದು ಅವರಿಗೆ ಮರ್ಯಾದೆ ಹೋದಂತೆ.

"ಅವ್ವಾರ, ಹೊಲದಾಗಿಂದ ತಂದು ಬಿಟ್ರಿ, ನಾವು ತೊಳದು ಸ್ವಚ್ಛ ಮಾಡಿದಿವಿ. ಮತ್ತ ಹೊಲಕ್ಕೇ ಒಯ್ತೀನಿ ಅಂತೀರಲ್ಲ?"

ನಾನು ಮೇಜಿನ ಗಾಜಿನ ಮೇಲೆ ಗಂಟು ಬಿಚ್ಚಿದೆ. ಅವರು ಕೈಯಿಂದ ದೂರ ಸರಿಸಲು ಹೋದರು. ಒಂದು ಪುಡಿಕೆ ಒಡೆದು ಜೋಳ ಚೆಲ್ಲಿತು. ಆಗ ನಡೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವರ ಬೆರಳು ತಾನಾಗಿಯೇ ಒಂದು ಕಾಳು ಎತ್ತಿಕೊಂಡಿತು. ಹಲ್ಲಿಗೆ ಹಾಕಿ ಕಟ್ ಎನ್ನಿಸಿದರು.

"ಹಿಂಗಾರಿ ಜೋಳ. ಎರಿ ಹೊಲದ್ದು. ತೆನಿ ಮ್ಯಾಲೆ ಮಳಿ ಹತ್ತೇದ ಇದಕ್ಕ."

ಮತ್ತೊಂದು ಪುಡಿಕೆ ತೆರೆದರು, ಮತ್ತೊಂದು. ಮಡಿಕೆ ಕಾಳು, ಅಗಸೆ, ನವಣೆ. ಕಣ್ಣಿನಿಂದ ನೋಡುವ ಮೊದಲೇ ಬೆರಳಿಗೆ ಗೊತ್ತಾಗುತ್ತಿತ್ತು. "ಇದು ಗುರೆಳ್ಳು. ಕರಿ ಎಳ್ಳಿನ ಗತೆ ಕಾಣ್ತದ, ಖರೆ ಉದ್ದ ಇರ್ತದ ನೋಡು ತಂಗಿ." ನಾನು ತಂಗಿಯಾಗಿಬಿಟ್ಟಿದ್ದೆ. ಪುಂಡಿ ಪಲ್ಲೆಯ ಬೀಜದ ಪುಡಿಕೆ ಬಂದಾಗ ಅದನ್ನು ಅಂಗೈಗೆ ಸುರಿದುಕೊಂಡರು. "ನಮ್ಮವ್ವ ಇದನ್ನ ಒಲಿ ಹಿಂದಿನ ಗಡಗಿಯೊಳಗ ಇಡ್ತಿದ್ಲು. ಶರಣಸಿರಸಗಿಯೊಳಗ ನಮ್ಮನಿ ಪುಂಡಿ ಅಂದ್ರ..."

"ಇಷ್ಟೆಲ್ಲ ಗೊತ್ತದ ನಿಮಗ. ಮಕ್ಕಳಿಗೆ ಯಾಕ ಹೇಳಂಗಿಲ್ಲ?" ಅಂದೆ.

"ಗೊತ್ತದ ಅಂತೇ ಹೇಳಂಗಿಲ್ಲ. ನಾ ಶರಣಸಿರಸಗಿಯಿಂದ ಬರಿಗಾಲಲೆ ಸಾಲಿಗಿ ಬರ್ತಿದ್ದೆ. ಇಂವಗ ಹೊಲದ ವಾಸನಿ ಬರ್ತದ ಅಂತ ಮಾಸ್ತರ ನನ್ನ ಹಿಂದಿನ ಬೆಂಚಿಗಿ ಕಳಿಸ್ತಿದ್ದ. ನನ್ನ ಸಾಲ್ಯಾಗ ಒಂದು ಕೂಸಿಗೂ ಆ ವಾಸನಿ ಇರಬಾರದು."

"ಆ ಮಾಸ್ತರಗ ಬೈಬೇಕಿತ್ರೀ. ನೀವು ಅವನ ನೌಕರಿನೇ ಹಿಡದೀರಿ."

ಅವರು ಡ್ರಾಯರಿನಿಂದ ಶೀಶೆ ತೆಗೆದು, ಕೈ ತೊಳೆಯುವ ಆ ವಾಸನೆಯ ದ್ರವ ಹಾಕಿಕೊಂಡು, ಬೆರಳು ಬೆರಳಿನ ಸಂದಿಯನ್ನೂ ಉಜ್ಜಿದರು. ಮತ್ತೆ ಪ್ರಿನ್ಸಿಪಾಲರಾದರು. "ಎರಡು ದಿನ ಕಳಸ್ತೀನಿ. ಹೆಚ್ಚಿಗಿ ಕೇಳಬ್ಯಾಡ್ರಿ."

ಏನೂ ಗೊತ್ತಿಲ್ಲದವನು ಮಕ್ಕಳಿಗೆ ಏನೂ ಕಲಿಸದಿದ್ದರೆ ಅದು ಬಡತನ, ಕ್ಷಮಿಸಬಹುದು. ಗೊತ್ತಿದ್ದೂ ಮುಚ್ಚಿಟ್ಟವನನ್ನು ಏನೆಂದು ಕರೆಯಬೇಕು? ಅವರ ಬರಿಗಾಲಿನ ಕಥೆ ಕೇಳಿ ನನಗೆ ಅಯ್ಯೋ ಅನ್ನಿಸಿದ್ದು ನಿಜ. ಅಷ್ಟಕ್ಕೇ ಲೆಕ್ಕ ಚುಕ್ತಾ ಆಗುವುದಿಲ್ಲ.

ಮಗಳು ಮನೆಗೆ ಬಂದಳು. ಮೊದಲ ದಿನ ಪುಡಿಕೆಗಳನ್ನು ಕಂಬಳಿಯ ಮೇಲೆ ಸಾಲಾಗಿ ಇಟ್ಟು, ಅಪ್ಪನಿಂದ ಹೆಸರು ಹೇಳಿಸಿಕೊಂಡು ಪಾಠ ಮಾಡಿದಳು. ಎರಡನೆಯ ದಿನ ಬೆಳಿಗ್ಗೆ ಕೈಕಟ್ಟಿ ನಿಂತು, ಮೊದಲನೆಯದರಿಂದ ಕೊನೆಯದರವರೆಗೆ ಗಡಗಡ ಒಪ್ಪಿಸಿದಳು. ಕನ್ನಡದ ಹೆಸರು, ಇಂಗ್ಲಿಷ್ ಹೆಸರು, ಅದರ ಮೇಲೊಂದು ಲ್ಯಾಟಿನ್ ಹೆಸರು. ಒಂದೂ ತಪ್ಪಿಲ್ಲ. ನಾನು ದೃಷ್ಟಿ ತೆಗೆಯಲು ಉಪ್ಪು ತರಲು ಎದ್ದೆ. ನಮ್ಮ ಮನೆಯವರು ಅವಳ ಮುಖವನ್ನೇ ನೋಡುತ್ತ ಕೂತಿದ್ದರು.

"ಆಕಿ ಕಾಳು ನೋಡ್ಲಾಕತ್ತಿಲ್ಲ. ನೀ ಸ್ವಲ್ಪ ಸಾಲು ಕೆಡಿಸು," ಅಂದರು.

ನಾನು ಪುಡಿಕೆಗಳನ್ನು ಕಲಸಿ ಇಟ್ಟೆ. ಮಗಳು ಹೆಸರುಕಾಳು ಕೈಯಲ್ಲಿ ಹಿಡಿದು ಉದ್ದು ಅಂದಳು. ನವಣೆಗೆ ಸಜ್ಜೆ ಅಂದಳು. ಅವಳು ಕಲಿತದ್ದು ಕಾಳನ್ನಲ್ಲ, ಸರದಿಯನ್ನು. ಹದಿನಾಲ್ಕು ವರ್ಷ ಅವಳಿಗೆ ಕಲಿಸಿದ್ದು ಅದೊಂದೇ. ಪ್ರಶ್ನೆ ಯಾವ ಸಾಲಿನಲ್ಲಿ ಬರುತ್ತದೆ, ಉತ್ತರ ಯಾವ ಸಾಲಿನಲ್ಲಿ ಇರುತ್ತದೆ, ಅಷ್ಟು.

"ಅವ್ವಾ, ಯಾಕ ಕೆಡಿಸಿದಿ?" ಅಂದಳು, ನಾನೇ ಏನೋ ಮೋಸ ಮಾಡಿದಂತೆ. "ಅಲ್ಲಿ ನಂಬರ್ ಹಾಕಿ ಇಟ್ಟಿರ್ತಾರಲ್ಲ."

ಉಳಿದದ್ದು ಅರ್ಧ ದಿನ. ಅಪ್ಪ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋದರು. ಬೇಸಿಗೆ. ಹೊಲದಲ್ಲಿ ಮಣ್ಣಿನ ಹೆಂಟೆ ಬಿಟ್ಟರೆ ಏನೂ ಇರಲಿಲ್ಲ. ತೋರಿಸಬೇಕಾದ ಬೆಳೆಯೆಲ್ಲ ಇರುವುದು ಚಳಿಗಾಲದಲ್ಲಿ, ಎಳ್ಳ ಅಮಾವಾಸ್ಯೆಯ ಹೊತ್ತಿಗೆ...

ಪರೀಕ್ಷೆಯ ದಿನ ನಾನು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದೆ. ಒಳಗೆ ಹೋದ ಬೇರೆ ಮಕ್ಕಳು ಹರಟುತ್ತ ಹೊರಗೆ ಬಂದರು. ಅವಳು ಕೊನೆಗೆ ಬಂದಳು. ಸಂಭಾವಿತಳಂತೆ ನನ್ನ ಪಕ್ಕ ಕೂತು, ನೀರು ಕುಡಿದು, ಬಾಟಲಿಯ ಮುಚ್ಚಳ ಹಾಕಿದಳು.

"ಕಾಳು ಸ್ವಲ್ಪೇ ಇದ್ವು. ಸಸಿ ಭಾಳ ಇಟ್ಟಿದ್ರು. ಅವ್ವಾ, ಎಲ್ಲಾ ಹಸರೇ ಇದ್ವು."

ಹೌದವ್ವಾ, ಸಸಿ ಹಸಿರೇ ಇರುತ್ತವೆ ಅಂದೆ.

ರೈತರ ಮಕ್ಕಳ ಸೀಟು ಸಿಗಲಿಲ್ಲ. ಸಾಮಾನ್ಯದಲ್ಲಿ ಅವಳ ರ‍್ಯಾಂಕು ಸಾಲಲಿಲ್ಲ. ಇನ್ನೊಂದು ವರ್ಷ ಬಿಟ್ಟು ಮತ್ತೆ ಬರಿ ಎಂದು ನಾನು ಗೋಗರೆದೆ. ಅವಳು ಒಲ್ಲೆ ಅಂದಳು. ಇನ್ನೊಮ್ಮೆ ಎಲ್ಲರೆದುರು ನಿಲ್ಲುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ. ಕಲಬುರಗಿಯಲ್ಲೇ ಬಿ.ಎಸ್ಸಿ. ಸೇರಿದಳು.

ಆ ನಡುವೆ ಪಿಯುಸಿ ಫಲಿತಾಂಶ ಬಂದಿತ್ತು. ಒಂದು ದಿನ ಬಸ್ ಸ್ಟ್ಯಾಂಡಿನ ಎದುರು ನೋಡುತ್ತೇನೆ, ಮನೆಯ ಗೋಡೆಯಷ್ಟು ದೊಡ್ಡ ಫ್ಲೆಕ್ಸಿನ ಮೇಲೆ ನನ್ನ ಮಗಳ ಮುಖ. ಜೀವಶಾಸ್ತ್ರದಲ್ಲಿ ನೂರಕ್ಕೆ ನೂರು. ಮೇಲೆ ಕೋಟು ಹಾಕಿಕೊಂಡ ಪ್ರಿನ್ಸಿಪಾಲರು ಕೈಮುಗಿದು ನಿಂತಿದ್ದರು, ಅವಳ ಮುಖದ ಎರಡು ಪಟ್ಟು ದೊಡ್ಡ ಮುಖದಲ್ಲಿ. ನೇರವಾಗಿ ಶಾಲೆಗೆ ಹೋಗಿ ಅದನ್ನು ತೆಗೆಸಿ ಅಂದೆ.

"ಯಾಕ್ರೀ ಅವ್ವಾರ? ಊರಿಗೆ ಊರೇ ನಿಮ್ಮ ಹುಡುಗಿಗಿ ನೋಡ್ಲಾಕತ್ತದ."

"ಊರು ನೋಡ್ಲಾಕತ್ತದ್ರೀ. ಆಕಿಗೇ ನೀವು ಏನೂ ನೋಡಗೊಡಲಿಲ್ಲ."

ಅವರು ಗಂಟೆ ಒತ್ತಿ ಜವಾನನನ್ನು ಕರೆದರು. ನಾನು ಎದ್ದು ಬಂದೆ. ಅವರೊಂದಿಗೆ ನಾನಾಡಿದ ಕೊನೆಯ ಮಾತು ಅದು. ಫ್ಲೆಕ್ಸನ್ನು ಯಾರೂ ತೆಗೆಯಲಿಲ್ಲ, ಕಲಬುರಗಿಯ ಬಿಸಿಲೇ ಅದನ್ನು ಅಳಿಸಿತು. ಮೊದಲು ಮಗಳ ಮುಖ ಬಿಳಿಚಿತು, ಆಮೇಲೆ ಅಂಕ. ಅವರ ಕೋಟು ಬಹಳ ದಿನ ಉಳಿದಿತ್ತು.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಗಳು ಈಗ ಶಹಾಬಜಾರದ ಹತ್ತಿರ ಇನ್ನೊಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. "ಕಲಿಸಿದವರು, ಮಣ್ಣಿಗೆ ಹೋಗಬೇಕು, ನೀನೂ ಬಾ," ಅಂದಳು. ಹೋದೆ. ಅವರ ಹುಟ್ಟೂರು ಶರಣಸಿರಸಗಿಯ ಸುತ್ತ ಈಗ ಬರೀ ಲೇಔಟು, ಕಲ್ಲು ನೆಟ್ಟ ಸೈಟು. ಅವುಗಳ ನಡುವೆ ಒಂದು ತುಂಡು ಹೊಲ, ಅದು ಅವರದು. ಉಳಿದದ್ದೆಲ್ಲ ಮಾರಿದ್ದರೂ ಅದೊಂದನ್ನು ಮಾರದೆ, ಒಬ್ಬನಿಗೆ ಅರ್ಧ ಬೆಳೆಯ ಪಾಲಿಗೆ ಹಾಕಿದ್ದರಂತೆ. ನಡುವೆ ಕಡಲೆ, ಅಂಚಿಗೆ ಮುಳ್ಳಿನ ಸಾಲು, ಮೂಲೆಯಲ್ಲಿ ತೋಡಿದ ಕುಣಿ. ವರ್ಷಕ್ಕೊಮ್ಮೆ, ಎಳ್ಳ ಅಮಾವಾಸ್ಯೆಯ ದಿನ ನಸುಕಿನಲ್ಲಿ ಒಬ್ಬರೇ ಕಾರಿನಲ್ಲಿ ಬಂದು ಚರಗ ಚೆಲ್ಲಿ, ಶಾಲೆಯ ಗಂಟೆ ಹೊಡೆಯುವಷ್ಟರಲ್ಲಿ ತಿರುಗಿ ಹೋಗುತ್ತಿದ್ದರು ಎಂದು ಪಾಲಿನವನು ಯಾರಿಗೋ ಹೇಳುತ್ತಿದ್ದ. ತಾವು ಹೊಲಕ್ಕೆ ಹೋಗಿ ಬಂದು, ಕೈ ತೊಳೆದುಕೊಂಡು, ನಮ್ಮ ಮಕ್ಕಳಿಗೆ ಪೇಪರ್ ಹಂಚುತ್ತಿದ್ದರು.

ಅವರನ್ನು ಕೆಳಗಿಳಿಸುತ್ತಿದ್ದರು. ನಾವು ಮಣ್ಣು ಹಾಕಲು ಅಂಚಿನ ಮೇಲೆ ನಡೆಯುವಾಗ ಮಗಳ ಸೀರೆಯ ಸೆರಗು ಮುಳ್ಳಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋಗಿ ಬೆರಳಿಗೆ ಚುಚ್ಚಿತು. ನನ್ನ ಕಿವಿಯ ಹತ್ತಿರ ಬಾಗಿ, ಯಾರಿಗೂ ಕೇಳದಂತೆ ಕೇಳಿದಳು.

"ಅವ್ವಾ, ಇದು ಯಾ ಗಿಡ?"

"ಕುಸುಬಿ," ಅಂದೆ. "ದನ ಒಳಗ ಬರಬಾರದಂತ ಅಂಚಿಗೆ ಹಾಕ್ತಾರ."

"ಕುಸುಬಿ," ಅಂದಳು ಮೆಲ್ಲಗೆ, ಎಳೆಯ ತರಗತಿಯ ಮಕ್ಕಳು ಟೀಚರಿನ ಹಿಂದೆ ಹೇಳುವ ಹಾಗೆ. ಬೆರಳು ಬಾಯಿಗಿಟ್ಟುಕೊಂಡು, ಇನ್ನೊಂದು ಕೈಯಿಂದ ಮಣ್ಣು ಹಾಕಿದಳು. ನಾನೂ ಹಾಕಿದೆ. ಆ ಹೊಲದಲ್ಲಿ ಏನು ಬೆಳೆದಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ ಬೆರಳುಗಳ ಮೇಲೆ ಮಣ್ಣು ಬಿತ್ತು. ಸಾವಿರ ಮಕ್ಕಳಿಗೆ ಹಂಚಬಹುದಾಗಿದ್ದ ಒಂದು ವಿದ್ಯೆ, ಯಾರಿಗೂ ಕೊಡದೆ ಒಯ್ದರು. ಜಿಪುಣರನ್ನು ನಾನು ಬಹಳ ನೋಡಿದ್ದೇನೆ, ಅಂಥ ಜಿಪುಣನನ್ನು ನೋಡಿಲ್ಲ.

ಇವತ್ತು ಬೆಳಿಗ್ಗೆ ತೋಟದ ತಗ್ಗಿನ ಕಡೆ ಹೋಗಿದ್ದೆ. ಹೋದ ವರ್ಷ ಹಚ್ಚಿದ ಗಿಡಗಳಲ್ಲಿ ಒಂದು ಸಾಲು ಮತ್ತೆ ಹಳದಿ ತಿರುಗಿದೆ. ನಮ್ಮ ಮನೆಯವರು ಒಂದರ ಬುಡ ಕೆದರಿ ನೋಡಿ, ಕೈಯ ಮಣ್ಣು ಝಾಡಿಸಿ ಮುಂದಿನ ಗಿಡಕ್ಕೆ ಹೋದರು. ಔಷಧದ ಅಂಗಡಿಯವನಿಗೆ ಫೋನ್ ಮಾಡಬೇಕು. ಅವನಿಗೆ ಗೊತ್ತಿಲ್ಲ ಎಂಬುದು ನನಗೆ ಗೊತ್ತು. ಗೊತ್ತಿರುವವಳು ಒಬ್ಬಳು ಈ ಮನೆಯಲ್ಲೇ ಇರಬೇಕಾಗಿತ್ತು.